ಫರಂಗಿ ರೇಡಿಯೋ ಮುಂದೆ ಇಟ್ಟ ಹೋಳಿಗೆ

ಮೊನ್ನೆ ನನ್ನ ಮೊಮ್ಮಗಳ ನಿಶ್ಚಯ ಆಯಿತು. ಅಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಓಣಿಯಲ್ಲಿ ಯಾರು ಸಿಕ್ಕರೂ ನಿಲ್ಲಿಸಿ ಹೇಳುತ್ತೇನೆ. ಹಾಲು ಹಾಕುವವನಿಗಂತೂ ಎಷ್ಟು ಸಲ ಹೇಳಿದೆನೋ, ಇವತ್ತು ಮುಂಜಾನೆ ನಾನು ಬಾಯಿ ತೆರೆಯುವ ಮೊದಲೇ ಅವನು, "ಗೊತ್ತೈತ್ರಿ ಆಯಿ, ನಿಮ್ಮ ಮೊಮ್ಮಗಳದು ನಿಶ್ಚೇ ಆಗೇತಿ" ಎಂದು ನನಗೇ ಸುದ್ದಿ ಹೇಳಿ ಹೋದ. ಹೋಗಲಿ, ಅವನ ಬಾಯಿಂದ ಕೇಳುವುದಕ್ಕೂ ಅದು ಚೆಂದವೇ ಇತ್ತು.

ಮೊಮ್ಮಗಳೂ ಆ ಹುಡುಗನೂ ತಾವೇ ಮಾತಾಡಿಕೊಂಡು, ತಾವೇ ಒಪ್ಪಿಕೊಂಡು, ಆಮೇಲೆ ನಮಗೆ ತಿಳಿಸಿದವರು. ನಿಶ್ಚಯದ ದಿನ ಹುಡುಗ ನನ್ನ ಬಾಜೂಕ್ಕೆ ಬಂದು ಕೂತ. "ಅಜ್ಜಿ, ನಿಮ್ಮ ಲಗ್ನಾ ಹೆಂಗ ಕೂಡಿತ್ರಿ?" ಎಂದು ಕೇಳಿದ. "ರೇಡಿಯೋದಿಂದಪ್ಪ" ಎಂದೆ. ನಕ್ಕ. "ಫ್ರೆಂಚರ ರೇಡಿಯೋದಿಂದ" ಎಂದೆ. ಆಗ ನಗು ನಿಲ್ಲಿಸಿ ಮೊಮ್ಮಗಳ ಮುಖ ನೋಡಿದ. ಪಾಪ, ವಯಸ್ಸಾಗಿದೆ ಎಂದು ಆ ನೋಟದ ಅರ್ಥ. ಅದಕ್ಕೇ ಇದನ್ನು ಬರೆಯಲು ಕೂತೆ. ನಾನು ಕಲಿತದ್ದು ಮೂರನೇ ಇಯತ್ತೆ. ಅದರೊಳಗೂ ಎರಡನೇ ಇಯತ್ತೆಯನ್ನು ಎರಡು ವರ್ಷ ಕಲಿತೆ. ಗಟ್ಟಿಯಾಗಲಿ ಎಂದು ಮಾಸ್ತರರು ಕೂರಿಸಿದರು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅಕ್ಷರ ಓರೆಕೋರೆ ಆದರೆ ಮೊಮ್ಮಗಳು ತಿದ್ದಿಕೊಳ್ಳಲಿ.

ನನ್ನ ತವರು ಕುಲಗೋಡ. ಅಪ್ಪನದು ಬೆಲ್ಲದ ವ್ಯಾಪಾರ. ಸುತ್ತಿನ ಹಳ್ಳಿಗಳ ಬೆಲ್ಲ ಕೊಂಡು ಗೋಕಾಕದ ಪೇಟೆಗೆ ಹಾಕುತ್ತಿದ್ದ. ಒಮ್ಮೆ ಗೋಕಾಕದಲ್ಲಿ ಒಬ್ಬ ದೊಡ್ಡ ವ್ಯಾಪಾರಿಯ ಮನೆಯಲ್ಲಿ ರೇಡಿಯೋ ಕಂಡು ಬಂದವನು ಆ ರಾತ್ರಿ ಊಟ ಸೇರಲಿಲ್ಲವಂತೆ. ಮುಂದಿನ ಬೆಲ್ಲದ ಹಂಗಾಮು ಮುಗಿಯುವುದೇ ತಡ, ಒಂದು ಪೆಟ್ಟಿಗೆಯನ್ನು ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಬಂದ. ಬಾಣಂತಿಯನ್ನು ಕರೆತಂದ ಹಾಗೆ ಕರೆತಂದ. ದಾರಿಯಲ್ಲಿ ಕುಣಿ ಬಂದಾಗಲೆಲ್ಲ ಇಳಿದು ಎತ್ತಿನ ಮೂಗುದಾರ ಹಿಡಿದು ನಡೆದನಂತೆ. ನಮ್ಮೂರಲ್ಲಿ ಕರೆಂಟ್ ಎಲ್ಲಿಯದು? ರೇಡಿಯೋ ನಡೆಯುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಅದನ್ನು ಮತ್ತೆ ಗೋಕಾಕಕ್ಕೆ ಕಳಿಸಿ ಜೀವ ತುಂಬಿಸಿಕೊಂಡು ಬರಬೇಕು. ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ತಂತಿ ಕಟ್ಟಿದರು. ಅವ್ವ ಮೊದಲ ದಿನವೇ ಆ ತಂತಿಯ ಮೇಲೆ ಸೀರೆ ಒಣಹಾಕಿ ಬೈಸಿಕೊಂಡಳು.

ನಾಲ್ಕು ದಿನ ಹಾಡು, ಮಾತು ಎಲ್ಲಾ ಬಂತು. ಅಪ್ಪ ದಿಕ್ಕು ದಿಕ್ಕಿನ ನಿಲಯ ಹುಡುಕುತ್ತ ತಿರುಗಣಿಯನ್ನು ಗಾಣ ತಿರುಗಿಸಿದ ಹಾಗೆ ತಿರುಗಿಸಿದ. ನಿಲಯ ತೋರಿಸುವ ಮುಳ್ಳನ್ನು ಆಚೆ ಈಚೆ ಎಳೆಯುವುದಕ್ಕೆ ಒಳಗೆ ಒಂದು ದಾರ ಇರುತ್ತದೆ. ಅದು ಪಟ್ ಎಂದು ಹರಿಯಿತು. ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು. ತಿರುಗಣಿ ತಿರುಗಿದರೂ ನಿಲಯ ಬದಲಾಗುವುದಿಲ್ಲ. ಆಗ ಬರುತ್ತಿದ್ದದ್ದು ಒಂದು ಹೆಣ್ಣುದನಿ, ಯಾವ ಭಾಷೆಯೋ ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆಯನ್ನು ಮತ್ತೆ ಚಕ್ಕಡಿಗೆ ಹೇರಿದರೆ ಊರೆಲ್ಲ ನಗುತ್ತದೆ. ಅದಕ್ಕೆ ಅಪ್ಪ ಮೀಸೆ ಸವರಿಕೊಂಡು, "ಇದ ಚಲೋ ಐತಿ. ಇದನ್ನ ಕೇಳೂಣು" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದೇ ನಿಲಯ.

ಅದು ಫ್ರೆಂಚ್ ಎಂದು ಗುರುತು ಹಿಡಿದವರು ನಮ್ಮೂರ ಸಾಲಿ ಮಾಸ್ತರರು. ಬೆಳಗಾವಿಯಿಂದ ಬರುವ ಪತ್ರಿಕೆಗಳನ್ನು ಓದಿ ಅವರು ಅದರ ಪೂರ್ವಾಪರವನ್ನೂ ತಿಳಿದುಕೊಂಡು ಬಂದರು. ಪೂರ್ವ ಸಮುದ್ರದ ಆಚೆ ಭತ್ತ ಬೆಳೆಯುವ ಒಂದು ಸೀಮೆ ಫ್ರೆಂಚರ ಕೈಯಲ್ಲಿತ್ತಂತೆ. ಮನೆ ಬಿಟ್ಟು ಅಷ್ಟು ದೂರ ಬಂದ ತಮ್ಮ ಜನ ತಮ್ಮ ಮಾತು ಕೇಳಲಿ ಎಂದು ಅಲ್ಲಿ ಈ ನಿಲಯ ಹುಟ್ಟಿತಂತೆ. ಮೊದಲು ಅದನ್ನು ನಡೆಸಿದವರು ಯಾರೋ ವ್ಯಾಪಾರಸ್ಥರು. ನಷ್ಟವಾಗಿ ಬಾಗಿಲು ಹಾಕಿದರು. ಆಮೇಲೆ ಸರಕಾರದ ಆಸರೆಯಿಂದ ಮತ್ತೆ ಎದ್ದಿತು.

"ನಷ್ಟ ಆಗದ ಏನು ಮಾಡೀತು? ಮಾತು ಮಾರಿ ಯಾರರ ಉದ್ಧಾರ ಆಗ್ಯಾರೇನ್ರಿ?" ಎಂದ ಅಪ್ಪ.

"ನಿಮ್ಮ ಮಗಳ ಮಾತು ಮಾರಾಕ ಬರೂಹಂಗಿದ್ರ ನೀವು ಬೆಲ್ಲಾ ಬಿಡತಿದ್ರಿ" ಎಂದರು ಮಾಸ್ತರರು.

ಹೌದು, ನಾನು ಮಾತುಗಾತಿ. ಈಗಲೂ ಅಷ್ಟೇ, ಆಗ ಇನ್ನೂ ಹೆಚ್ಚು. ನೀರಿಗೆ ಹೋದರೆ ಕೊಡ ತುಂಬಿದ ಮೇಲೂ ಮಾತು ತುಂಬುತ್ತಿರಲಿಲ್ಲ. ಅದೇ ಬಾಯಿಯಿಂದ ನನಗೆ ಎರಡು ಸಂಬಂಧ ತಪ್ಪಿದ್ದವು. ಮೊದಲು ನೋಡಲು ಬಂದವರು "ಅಡಿಗಿ ಬರತೈತೇನವ್ವ?" ಎಂದು ಕೇಳಿದ್ದಕ್ಕೆ ಬದನೆಕಾಯಿ ಎಣಗಾಯಿ ಮಾಡುವ ಬಗೆಯನ್ನು ಬದನೆ ಬೀಜ ಹಾಕುವುದರಿಂದ ಶುರುಮಾಡಿದೆ. ಎರಡನೆಯವರು ಏನೂ ಕೇಳಲಿಲ್ಲ. ಕೇಳದೆಯೇ ಹೇಳಿದೆ. "ಹುಡಗಿ ಚಲೋ, ಖರೆ ನಮ್ಮ ಮನ್ಯಾಗ ಮಲಗೂ ಮಂದಿ ಅದಾರ" ಎಂದು ಹೇಳಿಕಳಿಸಿದರು.

ಇಂಥ ನನಗೆ ಒಂದು ಅರ್ಥವಾಗದ ರೇಡಿಯೋ ಸಿಕ್ಕಿತು ನೋಡಿ. ಹೆಂಗಸರು ಒಳಬಾಗಿಲ ಹಿಂದೆ ಕೂತು ಕೇಳಬೇಕು. ದಿನಾ ಸಂಜೆ ಕೇಳಿ ಕೇಳಿ ಅದರ ಸಾಲು ನನಗೆ ಪಾಠವಾಯಿತು. ಮೊದಲು ಗಂಟೆ, ಆಮೇಲೆ ಆ ಹೆಣ್ಣುದನಿ, ಆಮೇಲೆ ಒಂದು ಗಂಡುದನಿ, ನಡುವೆ ಹಾಡು, ಕೊನೆಗೆ ವಾದ್ಯ. ಹೆಣ್ಣುದನಿಗೆ ನಾನು ಫರಂಗಿ ಅಕ್ಕ ಎಂದು ಹೆಸರಿಟ್ಟೆ. ಗಂಡುದನಿಗೆ ಫರಂಗಿ ಕಾಕಾ. ಅಕ್ಕನ ದನಿ ನಗುನಗುತ್ತ ಇರುತ್ತಿತ್ತು, ಈಗಷ್ಟೇ ಎಣ್ಣೆನೀರು ಹಾಕಿಕೊಂಡು ಬಂದವಳ ಹಾಗೆ. ಕಾಕಾ ಮಾತ್ರ ಸದಾ ಯಾರ ಮೇಲೋ ಸಿಟ್ಟಾದವನ ಹಾಗೆ. ಅವರಿಬ್ಬರೂ ಒಂದೇ ಮನೆಯವರು, ಆಸ್ತಿಯ ತಕರಾರಿದೆ ಎಂದು ನಾನೇ ನಿರ್ಧರಿಸಿದೆ. ಓಣಿಯ ಹೆಂಗಸರು ರೊಟ್ಟಿ ಬಡಿಯುತ್ತ ಕೇಳುವರು, "ಇವತ್ತ ಅಕ್ಕ ಏನಂದ್ಳ?" ನಾನು ಒಂದು ಗಳಿಗೆಯೂ ತಡೆಯದೆ ಹೇಳುವೆ, "ಅಲ್ಲೆ ಮಳಿ ಚಲೋ ಆಗೇತಂತ. ಕಾಕಾ ಇನ್ನೂ ಸಿಟ್ಟಿಲೇ ಅದಾನು." ಅವರಿಗೂ ಖುಷಿ, ನನಗೂ ಖುಷಿ. ಮೋಸ ಎಂದು ನನಗೆ ಅನ್ನಿಸಲೇ ಇಲ್ಲ. ದನಿ ಕೇಳಿದರೆ ಅರ್ಥ ಆಗುತ್ತದೆ ಎಂದು ನಾನು ಖರೆಖರೆ ನಂಬಿದ್ದೆ.

ಆ ನಿಲಯದ ಮುಂದಿನ ಚರಿತ್ರೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಹೋಳಿಗೆಯ ಮಾತು ಬಂತೆಂದರೆ ನನಗೆ ಬೇರೇನೂ ನೆನಪಾಗುವುದಿಲ್ಲ. ಮುಂದೊಮ್ಮೆ ಆ ಹರಿದ ದಾರ ಕೂಡಿಸಿದ ಮೇಲೆ ಅಪ್ಪ ಮರಾಠಿ ಹಾಡಿಗೆ, ಕನ್ನಡ ಮಾತಿಗೆ ಹೊರಳಿದ. ಆದರೂ ಆಗೀಗ ಮುಳ್ಳನ್ನು ಆ ಕಡೆ ಒಯ್ಯುತ್ತಿದ್ದ. ಆಗ ನಡೆದಿದ್ದ ಎರಡನೇ ಮಹಾಯುದ್ಧ ಆ ಸಮುದ್ರಕ್ಕೂ ಹಬ್ಬಿತು. ಅಕ್ಕನ ದನಿ ಹೋಯಿತು, ಹೊಸ ದನಿಗಳು ಬಂದವು, ಒಂದಷ್ಟು ಕಾಲ ಅಲ್ಲಿ ಬರೀ ಗೊರಗೊರ ಸದ್ದು. ಯುದ್ಧ ಮುಗಿದ ಮೇಲೆ ಮತ್ತೆ ಫ್ರೆಂಚ್ ಕೇಳಿಸಿತು ಎಂದು ಅಪ್ಪ ನನಗೆ ಹೇಳಿಕಳಿಸಿದ್ದ, ನೆಂಟರ ಸುದ್ದಿ ಹೇಳಿಕಳಿಸಿದ ಹಾಗೆ. ಮುಂದೆ ಏನಾಯಿತೋ ತಿಳಿದವರು ಬರೆಯಲಿ. ನನಗೆ ಗೊತ್ತಿರುವುದು ಕುಲಗೋಡದ ಪಡಸಾಲೆಗೆ ಕೇಳಿಸಿದಷ್ಟೇ.

ಈಗ ಆ ಸಂಜೆಗೆ ಬರುತ್ತೇನೆ.

ಮೂರನೆಯ ಸಂಬಂಧ ದಡ್ಡಿ ಎಂಬ ಊರಿನಿಂದ ಬಂತು. ಆ ಹುಡುಗನನ್ನು ನಾನು ಮೊದಲೇ ಕಂಡಿದ್ದೆ. ತಮ್ಮ ಹೊಲದ ಬೆಲ್ಲದ ಹೇರು ತಂದಾಗ ಕುಡಿಯಲು ನೀರು ಕೇಳಿದ್ದ. ನೀರು ಕೊಟ್ಟು ನಾಲ್ಕು ಮಾತಾಡಿದೆ. ನಾಲ್ಕು ಎಂದರೆ ನನ್ನ ಲೆಕ್ಕದ ನಾಲ್ಕು. ಅವನು ನೀರು ಕುಡಿದು ಮುಗಿಸಿಯೂ ಹೋಗದೆ ನಿಂತು ಕೇಳಿದ. ಅಲ್ಲಿಯವರೆಗೆ ನನ್ನ ಮಾತನ್ನು ಕೊನೆಯತನಕ ಕೇಳಿದ ಮನುಷ್ಯ ಹುಟ್ಟಿರಲಿಲ್ಲ. ಅವರ ಮನೆಯಿಂದಲೇ ಕನ್ಯೆ ನೋಡಲು ಬರುತ್ತಾರೆ ಎಂದಾಗ ನನಗೆ ಕುಣಿಯುವಷ್ಟು ಆಯಿತು. ಮರುಗಳಿಗೆಗೆ ಭಯ ಹಿಡಿಯಿತು. ಇದೊಂದು ತಪ್ಪಬಾರದು. ಇದು ತಪ್ಪಿದರೆ ನಾನು ಯಾರಿಗೆ ಮಾತಾಡಲಿ?

ಅವ್ವ ಜಡೆ ಹೆಣೆಯುತ್ತ ಕೂದಲು ಜಗ್ಗಿ ಜಗ್ಗಿ ಹೇಳಿದಳು, "ಹೆಸರು ಕೇಳಿದ್ರ ಹೆಸರು ಹೇಳು. ಮತ್ತ ಬಾಯಿ ತೆರದಿ ಅಂದ್ರ ನೋಡು, ನಾ ಬಾವಿ ಹಾರತೇನಿ."

"ಯಾವ ಬಾವಿ?" ಎಂದೆ. ಆಗಲೇ ತೆರೆದಿದ್ದೆ.

"ಇದ. ಇದನ್ನ ಮಾಡಬ್ಯಾಡ ಅನ್ನಾಕತ್ತೇನಿ" ಎಂದು ಅವ್ವ ಜಡೆಯ ತುದಿಯಿಂದಲೇ ಬೆನ್ನಿಗೊಂದು ಕೊಟ್ಟಳು.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಮಧ್ಯಾಹ್ನ ಒಂದು ಹದ ಮಳೆ ಸುರಿದು ನಿಂತಿತ್ತು. ಬಂದವರು ಮೂವರು: ಹುಡುಗ, ಹುಡುಗನ ಅಜ್ಜಿ, ಆ ಅಜ್ಜಿಯ ಮಗನೇ ಆದ ಹುಡುಗನ ಸೋದರಮಾವ. ಹುಡುಗನಿಗೆ ತಂದೆ ಇರಲಿಲ್ಲ, ಮಾತುಕತೆಯೆಲ್ಲ ಮಾವನದು. ಮಾವ ಎಂದರೆ ತಲೆಯ ಮೇಲೆ ಎತ್ತರದ ಪಟಗಾ, ಬಾಯಲ್ಲಿ ಗಿಡ್ಡ ಮಾತು. ಏನು ಕಂಡರೂ ಮೊದಲು ಅದರಲ್ಲಿ ಹುಳುಕು ಹುಡುಕುವವನು. ಬೆಲ್ಲ ಕೊಂಡುಕೊಳ್ಳಲು ಬಂದವನ ಹಾಗೆ ನಮ್ಮ ಮನೆಯ ಕಂಬವನ್ನೂ ಬೆರಳಿಂದ ಬಡಿದು ನೋಡಿದ. ಕೆಸರಿನ ದಾರಿಯಲ್ಲಿ ತಡವಾಗಿ ಬಂದಿದ್ದರು. ಮೂಡಲಗಿಯಲ್ಲಿ ಅವರ ನೆಂಟರ ಮನೆ ಇತ್ತು, ಕತ್ತಲಾಗುವುದರೊಳಗೆ ಅಲ್ಲಿಗೆ ಹೋಗಿ ಮಲಗುವುದೆಂದು ಅವರ ಲೆಕ್ಕ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಕನ್ಯೆ ನೋಡಲು ಬಂದವರು ಅವಲಕ್ಕಿ ತಿನ್ನಬಹುದು, ಚಹಾ ಕುಡಿಯಬಹುದು. ಸಿಹಿ ಊಟ ಮಾತ್ರ ಉಣ್ಣುವಂತಿಲ್ಲ. ಸಿಹಿ ಉಂಡರೆ ಸಂಬಂಧ ಒಪ್ಪಿದಂತೆ, ಆಮೇಲೆ ಹಿಂದೆ ಸರಿದರೆ ನಾಲ್ಕೂರ ಮಂದಿ ಛೀ ಅನ್ನುತ್ತಾರೆ. ಹಾಗಂತ ಹೆಣ್ಣಿನ ಮನೆಯವರು ಸಿಹಿ ಮಾಡದೆ ಇರುವಂತಿಲ್ಲ. ಮಾಡಿ ಒಳಗೆ ಮುಚ್ಚಿಟ್ಟಿರಬೇಕು. ಒಪ್ಪಿದರೆ ಎಲೆ ಹಾಕುವುದು, ಒಪ್ಪದಿದ್ದರೆ ಮನೆಯವರೇ ಮುಖ ಸಪ್ಪೆ ಮಾಡಿಕೊಂಡು ತಿನ್ನುವುದು. ಹಿಂದಿನ ಎರಡೂ ಸಲದ ಹೋಳಿಗೆಯನ್ನು ನಾನೇ ತಿಂದು ಮುಗಿಸಿದ್ದೆ. ಸಂಬಂಧ ತಪ್ಪಿದ ದುಃಖಕ್ಕೆ ಹೊಟ್ಟೆ ಎಂದೂ ಜೊತೆಗೂಡಲಿಲ್ಲ.

ಅಪ್ಪನಿಗೆ ಮಗಳಿಗಿಂತ ಮೊದಲು ರೇಡಿಯೋ ತೋರಿಸುವ ಆತುರ. ಬ್ಯಾಟರಿ ಹಿಂದಿನ ದಿನವೇ ಗೋಕಾಕದಿಂದ ಬಂದಿತ್ತು. ಬೀಗರು ಕಾಲು ತೊಳೆದು ಪಡಸಾಲೆಯ ಜಮಖಾನದ ಮೇಲೆ ಕೂರುತ್ತಲೇ ಹಚ್ಚಿಬಿಟ್ಟ. ಗಂಟೆ ಹೊಡೆಯಿತು. ಅಕ್ಕ ಮಾತಾಡಿದಳು.

"ಏನಂತಾಳ್ರಿ ಅಕಿ?" ಎಂದ ಮಾವ.

"ದೇಶಾವರಿ ವಿಚಾರ" ಎಂದ ಅಪ್ಪ ಗಂಭೀರವಾಗಿ. ಬೆಲ್ಲದ ವ್ಯಾಪಾರದಲ್ಲಿ ತಿಳಿಯದ ಪ್ರಶ್ನೆಗೆ ಹೇಳುವ ಉತ್ತರ ಅದು.

ಇಲ್ಲಿ ನಮ್ಮ ಮನೆಯ ಇನ್ನೊಂದು ರಿವಾಜು ಹೇಳಬೇಕು. ಮಠದಲ್ಲಿ ಪುರಾಣ ನಡೆದಾಗ ಮಂಗಳ ಆಗುವತನಕ ಯಾರೂ ಏಳುವುದಿಲ್ಲ. ನಡುವೆ ಎದ್ದರೆ ಹೇಳುವವರಿಗೆ ಅವಮಾನ. ಅಪ್ಪ ಅದೇ ರಿವಾಜನ್ನು ರೇಡಿಯೋಕ್ಕೂ ತಂದಿದ್ದ. ಅಷ್ಟು ದೂರದಿಂದ ಒಬ್ಬರು ಮಾತಾಡುತ್ತಿರುವಾಗ ಕಿವಿ ಹಿಂಡಿದ ಹಾಗೆ ತಿರುಗಣಿ ಹಿಂಡಿ ಬಾಯಿ ಮುಚ್ಚಿಸುವುದು ಸಭ್ಯತೆಯಲ್ಲ. ಕೊನೆಯ ವಾದ್ಯವೇ ಅದರ ಮಂಗಳ. ಅದು ಮುಗಿಯುವತನಕ ನಾವು ಉಣ್ಣುತ್ತಲೂ ಇರಲಿಲ್ಲ. ಬೀಗರೂ ಪುರಾಣ ಕೇಳಿದ ಮಂದಿ. ಮನೆಯವರು ಕೈಮುಗಿದು ಕೂತಿದ್ದನ್ನು ಕಂಡು ಅವರೂ ಕೈಮುಗಿದು ಕೂತರು. ಇವರು ಮುಗಿಸಲಿ ಎಂದು ಅವರು, ಅದು ಮುಗಿಯಲಿ ಎಂದು ನಾವು.

ನಾನು ಅವಲಕ್ಕಿಯ ತಾಟು ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಮಂಗಳಕ್ಕೆ ಮೊದಲು ಹೊರಗೆ ಹೋಗುವಂತಿಲ್ಲ. ಅಕ್ಕ ಮುಗಿಸಿದಳು, ಕಾಕಾ ಬಂದ. ಇನ್ನು ಹಾಡು, ಆಮೇಲೆ ವಾದ್ಯ ಎಂದು ನನಗೆ ಗೊತ್ತು. "ಇನ್ನ ಮುಗಿತಿದು" ಎಂದು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದೆ, ಬಲು ಜಾಣೆಯ ಹಾಗೆ. ಅಂದು ಹಾಡು ಬರಲಿಲ್ಲ. ಕಾಕಾ ಮಾತಾಡಿದ, ಮತ್ತೂ ಮಾತಾಡಿದ. "ಇದು ಮುಗದ ಮ್ಯಾಲ" ಎಂದೆ. ಮತ್ತೊಬ್ಬ ಯಾರೋ ಹೊಸಬ ಬಂದು ಮಾತಾಡಿದ. ಅವ್ವ ನನ್ನನ್ನು ನೋಡಿದ ನೋಟಕ್ಕೆ ಅವಲಕ್ಕಿ ಇನ್ನಷ್ಟು ಒಣಗಿತು. ಓಣಿಗೆಲ್ಲ ಅರ್ಥ ಹೇಳುತ್ತಿದ್ದ ಪಂಡಿತೆಗೆ ಅಂದು ಹಾಡು ಯಾಕೆ ಬರಲಿಲ್ಲ ಎಂಬುದೇ ತಿಳಿಯಲಿಲ್ಲ.

ಹೊರಗೆ ಬಿಸಿಲು ಇಳಿಯಿತು. ಚಕ್ಕಡಿ ಹೊಡೆಯುವವನು ಎರಡು ಸಲ ಬಂದು ಕೆಮ್ಮಿ ಹೋದ. ಮಾವ ಮಂಡಿ ಬದಲಿಸಿ ಬದಲಿಸಿ ಕೂತ. ಹಸಿವೆಗೆ ಯಾರದೋ ಹೊಟ್ಟೆ ಗುಡುಗಿತು, ಯಾರದು ಎಂದು ಎಲ್ಲರಿಗೂ ತಿಳಿದರೂ ಎಲ್ಲರೂ ರೇಡಿಯೋವನ್ನೇ ನೋಡಿದರು. ಹುಡುಗ ಮಾತ್ರ ತಲೆ ತಗ್ಗಿಸಿ ನಗು ನುಂಗುತ್ತಿದ್ದ.

ಆಗ ಅಕ್ಕ ತಿರುಗಿ ಬಂದಳು. ದನಿ ಅವಳದೇ, ಆದರೆ ಎಣ್ಣೆನೀರು ಹಾಕಿಕೊಂಡವಳ ದನಿಯಲ್ಲ. ನಾಲ್ಕು ಮಾತಾಡಿ ನಿಲ್ಲಿಸಿದಳು. ಮತ್ತೆ ಶುರುಮಾಡಿದಳು, ಮತ್ತೆ ನಿಲ್ಲಿಸಿದಳು. ಆಮೇಲೆ ಅತ್ತಳು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಅವರ ದೇಶದ ರಾಜಧಾನಿಗೆ ಶತ್ರುವಿನ ದಂಡು ಹೊಕ್ಕ ಸುದ್ದಿ ಅದು ಎಂದು ಮಾಸ್ತರರು ಪತ್ರಿಕೆ ಬಂದ ಮೇಲೆ ತಿಳಿಸಿದರು. ಆಗ ನಮಗೆ ಗೊತ್ತಾದದ್ದು ಇಷ್ಟೇ: ದೂರದಲ್ಲಿ ಒಬ್ಬ ಹೆಣ್ಣುಮಗಳು ಅಳುತ್ತಿದ್ದಾಳೆ.

ಮೊದಲು ಮಾತಾಡಿದವನು ಮಾವ. ಹುಳುಕು ಸಿಕ್ಕಿತ್ತು.

"ಕನ್ಯಾ ನೋಡೂ ಹೊತ್ತಿನಾಗ ಹೆಣ್ಣಮಗಳ ಅಳೂ ದನಿ. ಇದು ಚಲೋ ಲಕ್ಷಣ ಅಲ್ರಿ. ಅಕಿ ಮನ್ಯಾಗ ಯಾರೋ ಹೋಗ್ಯಾರ. ನಾವು ಏಳತೇವಿ, ಮತ್ತೊಮ್ಮೆ ನೋಡೂಣು."

ಮತ್ತೊಮ್ಮೆ ನೋಡೋಣ ಎಂದರೆ ನೋಡುವುದಿಲ್ಲ ಎಂದರ್ಥ. ಅಪ್ಪನ ಮೀಸೆ ಇಳಿಯಿತು. ನಾನು ಅವಲಕ್ಕಿಯ ತಾಟನ್ನು ನೆಲಕ್ಕೆ ಇಟ್ಟುಬಿಟ್ಟೆ. ನನ್ನ ಬಾಯಿಂದ ಎರಡು ತಪ್ಪಿದ್ದವು. ಮೂರನೆಯದು ಸಮುದ್ರದ ಆಚೆಯ ಬಾಯಿಂದ ತಪ್ಪುತ್ತಿದೆ ಎಂದು ಎದೆ ಒಡೆಯಿತು.

ಅಜ್ಜಿ ಮಾತ್ರ ಏಳಲಿಲ್ಲ. ಅಲ್ಲಿಯತನಕ ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಹೋಗಿದ್ದಾಳೆ ಎಂದೇ ನಾವು ತಿಳಿದಿದ್ದೆವು.

"ಕುಂಡ್ರೋ" ಎಂದಳು ಮಾವನಿಗೆ. "ಕೊರಳಾಗ ಲಿಂಗಾ ಕಟ್ಟೀದಿ, ಸೂತಕದ ಮಾತು ಆಡತೀ. ನಮಗೆಲ್ಲಿ ಸೂತಕ?"

"ಸೂತಕ ಅಲ್ಲವ್ವ, ಶಕುನ..."

"ಅದೂ ಇಲ್ಲ. ಒಬ್ಬಾಕಿ ನಿನ್ನ ಮುಂದ ಅಳಾಕತ್ತಾಳು, ನೀ ಚಕ್ಕಡಿ ಹುಡಕತಿ. ಬಾಜೂ ಮನ್ಯಾಗ ಯಾರರ ಹೋದ್ರ ಏನು ಮಾಡತೇವಿ? ಮದಲ ಅತ್ತಾಕಿಗೆ ಉಣಸತೇವಿ. ಹೊಟ್ಟ್ಯಾಗ ಕೂಳ ಇಲ್ಲದ ಅತ್ರ ದುಃಖ ಇಳಿಯೂದಿಲ್ಲ." ಅನಂತರ ಒಳಬಾಗಿಲಿನ ಕಡೆ ತಿರುಗಿ, "ಯಾರವ್ವ ಅಲ್ಲೆ? ಒಂದು ತಾಟ ತಗೊಂಡು ಬಾ. ಇಕಿ ಮುಂದ ಇಡೂಣು" ಎಂದಳು.

ನಾನು ಒಳಗೆ ಓಡಿದೆ. ದುಃಖದವರಿಗೆ ಕೊಡುವುದು ಅನ್ನ ಸಾರು, ಇಲ್ಲ ರೊಟ್ಟಿ ಪಲ್ಯ. ಇದು ಸಣ್ಣ ಹುಡುಗಿಗೂ ಗೊತ್ತು. ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು. ರೊಟ್ಟಿ ಇರಲಿಲ್ಲ. ಮುಚ್ಚಿಟ್ಟ ಪಾತ್ರೆ ಒಂದೇ ಕಣ್ಣಿಗೆ ಬಿತ್ತು. ಕೈ ಹೋದದ್ದು ಅದಕ್ಕೇ. ಎರಡು ಹೋಳಿಗೆ, ಮೇಲೆ ತುಪ್ಪ. ಕೈ ಒಮ್ಮೆ ನಡೆದ ಮೇಲೆ ಪದ್ಧತಿ ಬಿಡುತ್ತದೆಯೇ, ಬದಿಗೆ ಉಪ್ಪಿನಕಾಯಿಯನ್ನೂ ಬಡಿಸಿದೆ. ತಾಟು ತಂದು ರೇಡಿಯೋ ಮುಂದೆ ಇಟ್ಟೆ. ಹಿಂದೆ ಅವ್ವ ಹಣೆ ಬಡಿದುಕೊಂಡ ಸದ್ದು ಅಕ್ಕನ ಅಳುವಿನ ನಡುವೆಯೂ ಕೇಳಿಸಿತು.

ಅಜ್ಜಿ ತಾಟು ನೋಡಿದಳು. ನನ್ನನ್ನು ನೋಡಿದಳು.

"ಅಳೂವಾಕಿಗೆ ಹೋಳಿಗಿ ತಂದಿಯೇನವ್ವ?"

ಹೆಸರು ಕೇಳಿದರೆ ಹೆಸರು ಹೇಳು ಎಂದಿದ್ದಳು ಅವ್ವ. ಅಜ್ಜಿ ಹೆಸರು ಕೇಳಲಿಲ್ಲ. ಆದರೂ ಬಾಯಿ ತೆರೆಯಿತು, ತೆರೆದದ್ದು ಮುಚ್ಚಲಿಲ್ಲ.

"ಅನ್ನ ಇನ್ನೂ ಕುದ್ದಿಲ್ರಿ ಆಯಿ. ಅಕಿ ಗಂಟಿ ಹೊಡದಾಗಿಂದ ಮಾತಾಡಾಕತ್ತಾಳ್ರಿ, ನಡುವ ನೀರೂ ಕುಡದಿಲ್ಲ. ದಿನಾ ನಗನಗತಾ ಇರತಿದ್ಳ್ರಿ, ಇವತ್ತ ಹಾಡೂ ಹಚ್ಚಲಿಲ್ಲ. ಅಕಿಗೆ ಹಸುವಿ ಆಗೇತ್ರಿ. ಇಲ್ಲೆ ಎಲ್ಲಾರಿಗೂ ಆಗೇತ್ರಿ. ಮಾಮಾರ ಹೊಟ್ಟಿ ಒದರಿದ್ದು ನನಗ ಒಳಗ ಕೇಳಿಸ್ತ್ರಿ."

ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು, ಏನು ಹೇಳಿದೆ ಎಂದು. ಅವ್ವ ಬಾವಿಯ ಕಡೆ ಹೊರಟಳೋ ಎಂದು ಹಿಂದೆ ತಿರುಗಿ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಿಂತಿದ್ದಳು.

ಅಜ್ಜಿಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಂತು. ಸದ್ದಿಲ್ಲದ ನಗು, ಅಳುವವಳಿಗೆ ಕೇಳಿಸಬಾರದು ಎಂಬ ಹಾಗೆ. "ಖರೆ ಹೇಳತೈತಿ ಕೂಸು" ಎಂದಳು. "ಒಬ್ಬಾಕಿ ಮುಂದ ತಾಟ ಇಟ್ಟು ಉಳದಾವ್ರು ನೋಡಕೋತ ಕುಂಡ್ರೂದು ಪದ್ಧತಿ ಅಲ್ಲ. ಎಲಿ ಹಾಕ್ರವ್ವ. ಅಕಿ ಒಬ್ಬಾಕಿನ ಹೆಂಗ ಉಂಡಾಳು?"

ದುಃಖದ ಮನೆಯಲ್ಲಿ ಜೊತೆಗೆ ಕೂತು ತುತ್ತು ಎತ್ತಿದರೆ ಮಾತ್ರ ಅತ್ತವರು ತುತ್ತು ಎತ್ತುತ್ತಾರೆ. ಅದೂ ನಮ್ಮ ಕಡೆಯ ರೂಢಿಯೇ. ಅಜ್ಜಿಯ ಮಾತಿಗೆ ಯಾರೂ ಎದುರಾಡಲಿಲ್ಲ. ಎದುರಾಡುವ ಶಕ್ತಿ ಯಾರ ಹೊಟ್ಟೆಯಲ್ಲೂ ಉಳಿದಿರಲಿಲ್ಲ. ಅವ್ವ ಎಲೆ ಹಾಕಿದಳು. ನಾನು ಹೋಳಿಗೆ ಬಡಿಸಿದೆ, ತುಪ್ಪ ಬಡಿಸಿದೆ. ಹುಡುಗನ ಎಲೆಗೆ ತುಪ್ಪ ಬಿಡುವಾಗ ಧಾರೆ ನಿಲ್ಲಿಸಲು ಮರೆತೆ. ಅವನು ಕೈ ಅಡ್ಡ ಹಿಡಿದ, ಅದರ ಮೇಲೂ ಬಿಟ್ಟೆ. ರೇಡಿಯೋದಲ್ಲಿ ಅಕ್ಕ ಮೂಗು ಒರೆಸಿಕೊಂಡು ಮತ್ತೆ ಮಾತು ಶುರುಮಾಡಿದ್ದಳು. ಮಂಗಳಕ್ಕೆ ಮೊದಲು ನಮ್ಮ ಮನೆಯವರು ಉಂಡದ್ದು ಅದೇ ಮೊದಲು. ಅಪ್ಪ ಪೆಟ್ಟಿಗೆಯ ಕಡೆ ಅರ್ಧ ಬೆನ್ನು ತಿರುಗಿಸಿ ಉಂಡ, ಮರ್ಯಾದೆಗೆ.

ಮಾವ ಎರಡನೆಯ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡವನು ಒಮ್ಮೆಲೇ ಅಗಿಯುವುದನ್ನು ನಿಲ್ಲಿಸಿದ. ಕಣ್ಣು ಅಗಲವಾದವು. ಎಲೆ ನೋಡಿದ, ಅಜ್ಜಿಯನ್ನು ನೋಡಿದ, ಅಪ್ಪನನ್ನು ನೋಡಿದ.

"ಅವ್ವ" ಎಂದ ಮೆಲ್ಲಗೆ, "ನಾವು ಹೋಳಿಗಿ ಉಂಡ್ವಿ?"

"ಉಂಡ್ವಿ."

"ಅಂದ್ರ..."

"ಅಂದ್ರ ಉಂಡ್ವಿ. ಈಗೇನು ಉಗುಳತೀಯೇನು?"

ಮಾವ ಹುಡುಗನ ಕಡೆ ತಿರುಗಿದ. "ನಿನಗರ ತಿಳಿಯಲಿಲ್ಲೇನೋ? ಹೇಳಬಾರದಾ?"

ಹುಡುಗನ ಕೈ ಮೊಣಕೈತನಕ ತುಪ್ಪ. ಅವನು ಎಲೆಯಿಂದ ತಲೆ ಎತ್ತದೆ ಹೇಳಿದ, "ನನಗ ಮದಲನೇ ತುತ್ತಿಗೆ ನೆನಪಾತು, ಮಾಮಾ. ಅದಕ್ಕ ಲಗೂನ ಎರಡನೇದು ಉಂಡೆ."

ನಮ್ಮ ಅಪ್ಪನಿಗೆ ಆಗ ಬೆಳಗಾಯಿತು. ಕೈ ತೊಳೆಯುವುದನ್ನೂ ಮರೆತು ಎದ್ದು ಎಲೆ ಅಡಿಕೆಯ ತಾಟು ತಂದ. ಮಾವನೂ ಕೊನೆಗೆ ಸೋತು ನಕ್ಕ, ಬಾಯಲ್ಲಿದ್ದದ್ದನ್ನು ನುಂಗಿದ. "ಹೂರಣ ಚಲೋ ಆಗೇತಿ" ಎಂದ. ಅವನು ಹುಳುಕು ಹಿಡಿಯದೆ ಬಿಟ್ಟ ಒಂದೇ ವಸ್ತು ಅದು. ನನ್ನ ರೂಪಕ್ಕಲ್ಲ, ಗುಣಕ್ಕಲ್ಲ, ಜಾಣತನಕ್ಕಂತೂ ಅಲ್ಲವೇ ಅಲ್ಲ. ಬೀಗರ ಹಸಿವೆಗೆ, ಅವ್ವನ ಹೂರಣಕ್ಕೆ, ನನ್ನ ಗಾಬರಿಗೆ ನನ್ನ ಲಗ್ನ ಕೂಡಿತು. ಮೊಮ್ಮಗಳ ಹುಡುಗನಿಗೆ ಇದನ್ನು ಬರೆದು ತೋರಿಸದಿದ್ದರೆ ಅವನು ನಂಬುವುದುಂಟೇ?

ರೇಡಿಯೋ ಮುಂದಿನ ತಾಟು ಹಾಗೇ ಇತ್ತು. ಅದನ್ನು ಏನು ಮಾಡುವುದು ಎಂದು ಅವ್ವ ಕೇಳಿದಳು. ಅಜ್ಜಿ ಪಡಸಾಲೆಯಿಂದಲೇ ಹೇಳಿದಳು, "ಅಕಿ ಪಾಲಿಂದು ನಿಮ್ಮ ಹುಡಗಿ ಉಣ್ಣಲಿ. ಅಕಿ ಪರವಾಗಿ ಇಷ್ಟ ಮಾತಾಡ್ಯಾಳ, ಉಣ್ಣಾಕೂ ಬರತೈತಿ."

ನಾನು ತಾಟು ಎತ್ತಿಕೊಂಡು ಒಲೆಯ ಮುಂದೆ ಕೂತೆ. ಹೊರಗೆ ಅವರು ಚಕ್ಕಡಿ ಹತ್ತುವ ಸದ್ದು, ಅಪ್ಪನ ಏರಿದ ದನಿ, ಪೆಟ್ಟಿಗೆಯೊಳಗೆ ಅಕ್ಕನ ಸೋತ ದನಿ. ಹೋಳಿಗೆ ಮುರಿದು ಬಾಯಿಗಿಟ್ಟದ್ದೇ ತಡ, ಕಣ್ಣಲ್ಲಿ ನೀರು ಬಂತು. ಅವಳಿಗಾಗಿ ಬಂತೋ, ನನಗಾಗಿ ಬಂತೋ, ಇವತ್ತಿನತನಕ ಬಿಡಿಸಿ ಹೇಳಲು ಬಂದಿಲ್ಲ. ಅವಳ ಊರಿನಲ್ಲಿ ಏನು ಮುಳುಗಿತೋ ಗೊತ್ತಿಲ್ಲದೆ ನನ್ನ ಎದೆಯಲ್ಲಿ ಹಬ್ಬ ಎದ್ದಿತ್ತು, ಆ ಹಬ್ಬಕ್ಕೆ ನಾಚಿಕೆಯೂ ಆಗುತ್ತಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ಅಗಿಯುತ್ತಿತ್ತು.

ಅವ್ವ ಒಳಗೆ ಬಂದು ನೋಡಿದಳು. "ಅಳೂದಿದ್ರ ಅಳು, ಉಣ್ಣೂದಿದ್ರ ಉಣ್ಣು" ಎಂದಳು.

ನಾನು ಎರಡನ್ನೂ ಮಾಡಿದೆ.